ಕೆಂಪಿಯ ಬಾಯಿಗೆ ಬಿದ್ದದ್ದು

ಫೋನ್ ಬಂದಾಗ ನಾನು ಉತ್ತಮಪಾಳಯಂನ ನನ್ನ ಅಂಗಡಿಯಲ್ಲಿ ಒಂದು ಪಮೇರಿಯನ್ ನಾಯಿಯ ಕಿವಿ ಒರೆಸುತ್ತಿದ್ದೆ. ಕರೆ ಮಾಡಿದವರು ಕಂಬಂ ಹತ್ತಿರದ ಒಂದು ದ್ರಾಕ್ಷಿತೋಟದ ಯಜಮಾನರು. ಚೆನ್ನಾಗಿದ್ದೀಯಾ ಅಂತಿಲ್ಲ, ಊಟ ಆಯಿತಾ ಅಂತಿಲ್ಲ.

"ನನ್ ನಾಯ್ಗೆ ಏನ್ ಹಾಕ್ದೆ ನೀನು? ಮೂರ್ ದಿನಾತು, ತಿಂದದ್ದೆಲ್ಲ ಕಕ್ತಾ ಅದೆ."

ನಾವಿಬ್ಬರೂ ಮನೆಯೊಳಗೆ ಕನ್ನಡ ಆಡುವ ಬೇಸಾಯದ ಮನೆತನದವರು. ಊರು ತಮಿಳುನಾಡಿನದು, ಬೀದಿಗೆ ಬಂದರೆ ತಮಿಳು. ಬೀದಿಯಲ್ಲೂ ಕನ್ನಡ ಬಂತೆಂದರೆ ಒಂದೋ ಗುಟ್ಟಿನ ಮಾತು, ಇಲ್ಲವೇ ಸಿಟ್ಟು. ಇದು ಗುಟ್ಟಲ್ಲ ಎಂದು ನನಗೆ ಅರ್ಥವಾಯಿತು.

ನಾಯಿಗಳನ್ನು ತೊಳೆಯುವುದು, ಕೂದಲು ಬಾಚಿ ಕತ್ತರಿಸುವುದು, ಉಣ್ಣಿ ತೆಗೆಯುವುದು, ಉಗುರು ತೆಗೆಯುವುದು ನನ್ನ ಕೆಲಸ. ಸ್ಕೂಟರಿನಲ್ಲಿ ಮನೆಗಳಿಗೆ ಹೋಗಿಯೂ ಮಾಡುತ್ತೇನೆ. "ನಾಯ್ಗೆ ಸವರ ಮಾಡೋಳು", ಅಂದರೆ ನಾಯಿಗೆ ಕ್ಷೌರ ಮಾಡುವವಳು, ಎಂದು ನಮ್ಮ ಬೀದಿಯವರು ನಗುತ್ತಾರೆ. ನಗಲಿ, ಅವರ ನಾಯಿಗಳ ಉಗುರು ತೆಗೆಯುವವಳೂ ನಾನೇ. ಒಂಬತ್ತು ದಿನದ ಹಿಂದೆ ಈ ಯಜಮಾನರ ಕೊಂಬೈ ತಳಿಯ ನಾಯಿ ಕೆಂಪಿಗೆ ಉಣ್ಣಿಯ ಔಷಧಿ ಸವರಿ ಬಂದಿದ್ದೆ. ಆ ಔಷಧಿ ಒಂದು ರೀತಿಯಲ್ಲಿ ವಿಷವೇ. ಒಂದು ಲೀಟರ್ ನೀರಿಗೆ ಕೆಲವೇ ಮಿಲಿ. ಮೈಮೇಲೆ ಗಾಯವಿದ್ದರೆ ಹಾಕಬಾರದು. ಒಣಗುವ ತನಕ ನಾಯಿ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕೊಡೆ ಕಟ್ಟಿ ಪಕ್ಕದಲ್ಲೇ ಕೂತಿರಬೇಕು. ಇದನ್ನೆಲ್ಲ ಮಾಡಿದ್ದೆ. ಆದರೂ ಫೋನ್ ಇಟ್ಟ ಕೂಡಲೇ ಓಡಿದ್ದು ನನ್ನ ನೋಟ್‌ಬುಕ್ಕಿನ ಹತ್ತಿರ. ಅಳತೆ ಸರಿಯಾಗಿಯೇ ಇತ್ತು. ಸಾಲದು ಎಂದು ಬಾಟಲಿ ತೆಗೆದು ಎಷ್ಟು ಉಳಿದಿದೆ ಎಂದೂ ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಸಂಜೆಯ ಹೊತ್ತಿಗೆ ಕಂಬಂ ಕಣಿವೆಯ ನಾಯಿ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು: ಉತ್ತಮಪಾಳಯಂ ಕಡೆ ನಾಯಿ ತೊಳೆಸುವವರು ಎಚ್ಚರ. ನನ್ನ ಹೆಸರಿರಲಿಲ್ಲ. ಉತ್ತಮಪಾಳಯಂನಲ್ಲಿ ನಾಯಿ ತೊಳೆಯುವ ಅಂಗಡಿ ಇರುವುದು ಒಂದೇ, ಹೆಸರು ಯಾಕೆ ಬೇಕು? ಮರುದಿನ ಬರಬೇಕಿದ್ದ ಇಬ್ಬರು ಬರಲಿಲ್ಲ. ಒಬ್ಬರು ಮದುವೆ ಎಂದರು, ಇನ್ನೊಬ್ಬರು ಫೋನನ್ನೇ ಎತ್ತಲಿಲ್ಲ. ಕೆಂಪಿ ಸತ್ತರೆ ನನ್ನ ಅಂಗಡಿಯೂ ಮುಚ್ಚಿದಂತೆ ಎಂದು ಆಗಲೇ ಗೊತ್ತಾಗಿಹೋಯಿತು.

ಅದರ ಮಾರನೆಯ ಬೆಳಿಗ್ಗೆ ತೋಟಕ್ಕೆ ಹೋದೆ. ಕೆಂಪಿ ಪಂಪ್‌ಸೆಟ್ ಕೊಠಡಿಯ ನೆರಳಿನಲ್ಲಿ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಿಂತಿತ್ತು. ಮೈ ಮುರಿಯುತ್ತಿದೆ ಎಂದು ಯಜಮಾನರು ಅಂದುಕೊಂಡಿದ್ದರು. ಅದು ಹೊಟ್ಟೆನೋವಿನ ನಿಲುವು. ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿ ಬಿಗಿಯಿತು. ಕತ್ತಿನ ಚರ್ಮ ಹಿಡಿದು ಎಳೆದು ಬಿಟ್ಟೆ, ನಿಧಾನವಾಗಿ ಕೆಳಗಿಳಿಯಿತು. ಒಸಡು ಅಂಟಂಟಾಗಿತ್ತು. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಕಕ್ಕಿದ್ದು ಬೆಳ್ಳಗೆ ಒಡೆದೊಡೆದು ಬಿದ್ದಿತ್ತು. ಮಲ ಬಿಳಿಚಿಕೊಂಡು ಜಿಡ್ಡುಜಿಡ್ಡಾಗಿ, ವಾಸನೆಗೆ ಹತ್ತಿರ ನಿಲ್ಲಲಾಗುತ್ತಿರಲಿಲ್ಲ.

"ಏನ್ ಹಾಕ್ತೀರಿ ತಿನ್ನಕ್ಕೆ?" ಎಂದು ಕೇಳಿದೆ.

"ಬೆಳಿಗ್ಗೆ ಮೊಸ್ರನ್ನ, ಸಾಯಂತ್ರ ಸೋರು. ಞಾಯಿತ್ತುಕ್ಕಿಳಮೆ ಮೂಳೆ," ಎಂದರು ಯಜಮಾನರು. ಅಂದರೆ ಮೊಸರನ್ನ, ಅನ್ನ, ಭಾನುವಾರ ಮೂಳೆ. ಅವರ ತಾಯಿ, ಎಂಬತ್ತರ ಹತ್ತಿರದ ಮುದುಕಿ, ಹಿತ್ತಲ ಬಾಗಿಲಲ್ಲಿ ಕೂತು ತಲೆಯಾಡಿಸಿದರು. ಬೇರೆ ಏನೂ ಇಲ್ಲವಾ ಅವ್ವ ಎಂದೆ. "ಬೇರೆ ಏನ್ ಹಾಕ್ತಾರೆ ನಾಯ್ಗೆ?" ಎಂದು ನನ್ನನ್ನೇ ಕೇಳಿದರು.

ಬೆಳ್ಳಗೆ ಕಕ್ಕಿದ್ದು ಮೊಸರನ್ನ ಎಂದು ನಾನು ಬರೆದುಕೊಂಡೆ. ತಪ್ಪು ಮಾಡಿದ್ದು ಅಲ್ಲಿ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಕೆಂಪಿಯ ಪಾದ ಒರೆಸುವಾಗ ಬೆರಳುಗಳ ಸಂದಿಯಲ್ಲಿ ನೀಲಿ ಕಲೆ ಕಂಡಿತು. ಮೈಲುತುತ್ತ. ಸುಣ್ಣದ ಜೊತೆ ಕಲಸಿ ದ್ರಾಕ್ಷಿಬಳ್ಳಿಗೆ ಹೊಡೆಯುವ ನೀಲಿ ಔಷಧಿ. ಈ ತೋಟದಲ್ಲಿ ಆ ವಾರ ಹೊಡೆದಿರಲಿಲ್ಲ, ಬೇಲಿಯಾಚೆ ಹೊಡೆದಿದ್ದರು. ಬೇಲಿಯಾಚೆಯ ತೋಟ ಯಜಮಾನರ ಪಂಗಾಳಿಯದು, ಒಂದೇ ತಾತನ ಇನ್ನೊಬ್ಬ ಮೊಮ್ಮಗ. ಎರಡೂ ತೋಟಕ್ಕೆ ಬಾವಿ ಒಂದೇ, ಅದೂ ಬೇಲಿಯ ಈ ಕಡೆ. ಕೆಂಪಿ ಹೋದ ತಿಂಗಳು ಅವರ ಎರಡು ಕೋಳಿ ಹಿಡಿದಿತ್ತೆಂದೂ, "ಇನ್ನೊಂದ್ ಸಲ ಬಂದ್ರೆ ನಾಯಿ ಇರಲ್ಲ" ಎಂದು ಅವರು ಕೂಗಿದ್ದರೆಂದೂ ಯಜಮಾನರೇ ಹೇಳಿದ್ದರು.

ನಾನು ಪಾದ ಎತ್ತಿ ತೋರಿಸಿದೆ. "ಅಣ್ಣ, ಇದು ನಿಮ್ ತೋಟದ್ದಲ್ಲ," ಎಂದೆ. ಅಷ್ಟೇ ಅಂದದ್ದು. ಆದರೆ ಏನು ಹೇಳುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅನುಮಾನ ನನ್ನ ಮೇಲಿಂದ ಇಳಿದು ಬೇಲಿ ದಾಟಿ ಹೋದದ್ದನ್ನು ಅವರ ಮುಖದಲ್ಲೇ ಕಂಡೆ. ಹಾಯೆನಿಸಿತು. ನಾಚಿಕೆ ಬರಬೇಕಿತ್ತು, ಬರಲಿಲ್ಲ.

ಅದೇ ಮಧ್ಯಾಹ್ನ ಕೆಂಪಿಯನ್ನು ಆಟೋದಲ್ಲಿ ಹಾಕಿಕೊಂಡು ತೇನಿಗೆ ಹೋದೆವು. ಅಲ್ಲಿನ ಪಶುವೈದ್ಯರು ಹೆಚ್ಚು ಮಾತಿನವರಲ್ಲ. ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು, ಚರ್ಮದ ಕೆಳಗೆ ಸಲೈನ್ ಬಿಟ್ಟರು, ವಾಂತಿ ನಿಲ್ಲಲು ಸೂಜಿ ಕೊಟ್ಟರು. ಉಣ್ಣಿಯ ಔಷಧಿ ಕಾರಣವಲ್ಲ, ಅದಾಗಿದ್ದರೆ ಒಂದೆರಡು ದಿನದೊಳಗೇ ತೋರಿಸಬೇಕಿತ್ತು, ನಾಯಿ ಅಮಲು ಬಂದಂತೆ ಮಲಗಿಬಿಡುತ್ತಿತ್ತು ಎಂದರು. ನಾನು ಯಜಮಾನರ ಮುಖ ನೋಡಿದೆ, ಅವರು ಗೋಡೆ ನೋಡಿದರು.

"ಮೈಲುತುತ್ತ?" ಎಂದು ಯಜಮಾನರು ತಮಿಳಿನಲ್ಲಿ ಕೇಳಿದರು.

"ನೆಕ್ಕಿರಬಹುದು. ಆದರೆ ಇದು ಅದರ ಹಾಗೆ ಕಾಣುವುದಿಲ್ಲ. ಮೇದೋಜೀರಕ ಗ್ರಂಥಿ ಊದಿದೆ. ಜಿಡ್ಡು ಹೆಚ್ಚಾಗಿ ತಿನ್ನುವ ನಾಯಿಗೆ ಬರುವ ತೊಂದರೆ. ಏನು ಕೊಡುತ್ತಿದ್ದೀರಿ?"

ಮತ್ತೆ ಮೊಸರನ್ನ, ಅನ್ನ, ಭಾನುವಾರದ ಮೂಳೆ. ವೈದ್ಯರು ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ಸುಳ್ಳು ಹೇಳುವವರನ್ನು ದಿನವೂ ನೋಡುವವರ ನೋಟ. ನನಗೆ ಮಾತ್ರ ಎಲ್ಲ ಸರಿಯಾಗಿ ಕೂಡಿಬಂತು. ವಿಷ ಹಾಕುವವರು ಬರಿಯ ವಿಷ ಹಾಕುವುದಿಲ್ಲ, ಕೊಬ್ಬಿನ ಮಾಂಸದಲ್ಲಿಟ್ಟು ಎಸೆಯುತ್ತಾರೆ. ಜಿಡ್ಡು ಎಲ್ಲಿಂದ ಎನ್ನುವುದಕ್ಕೂ ಉತ್ತರ ಬೇಲಿಯಾಚೆಯೇ ಸಿಕ್ಕಿತು! ಒಮ್ಮೆ ಅನುಮಾನ ಕೂತ ಮೇಲೆ ವೈದ್ಯರ ಮಾತೂ ಅದಕ್ಕೇ ಸಾಕ್ಷಿ ಹೇಳುತ್ತದೆ.

ವಾಪಸ್ ಬರುವಾಗ ಯಜಮಾನರಿಗೆ ಹೇಳಿದೆ: "ಅಣ್ಣ, ಐದ್ ದಿನ ನನ್ನತ್ರ ಬಿಡಿ. ನನ್ ಕೈಯಾರೆ ತಿನ್ನುಸ್ತೀನಿ."

"ಸತ್ರೆ?"

"ಸತ್ರೆ ನಾನೇ ಕೊಂದೆ ಅಂತ ಊರೆಲ್ಲ ಹೇಳಿ."

ನನ್ನ ತಾಯಿ ಇದನ್ನು ಕೇಳಿ ತಲೆ ಚಚ್ಚಿಕೊಂಡರು. "ಹೋಗೋ ಮಾರೀನ ಮನ್ಗೆ ಕರ್ದಂಗಾತು," ಎಂದರು. ಅವರ ಮಾತು ಸುಳ್ಳಲ್ಲ. ಕೆಂಪಿ ನನ್ನ ಮನೆಯಲ್ಲಿ ಕಣ್ಣು ಮುಚ್ಚಿದ್ದರೆ ವಾಟ್ಸಾಪ್ ಗುಂಪಿನವರಿಗೆ ನನ್ನ ಹೆಸರು ಹಾಕಲು ಸಂಕೋಚವೂ ಇರುತ್ತಿರಲಿಲ್ಲ.

ಮೊದಲ ದಿನ ಎರಡು ಗಂಟೆಗೊಮ್ಮೆ ಚಮಚದಲ್ಲಿ ನೀರು. ವಾಂತಿ ನಿಂತ ಮೇಲೆ ಅನ್ನವನ್ನು ಗಂಜಿಯಂತೆ ಬೇಯಿಸಿ, ಚರ್ಮ ಸುಲಿದ ಕೋಳಿಯೆದೆಯನ್ನು ನೀರಿನಲ್ಲಿ ಬೇಯಿಸಿ ನಾರುನಾರಾಗಿ ಬಿಡಿಸಿ, ಒಂದು ಹಿಡಿ. ಆರಿದ ಮೇಲೆ ನೀರಿನ ಮೇಲಿನ ಜಿಡ್ಡನ್ನು ತೆಗೆದು ಬಿಸಾಡುತ್ತಿದ್ದೆ. ಉಪ್ಪಿಲ್ಲ, ಎಣ್ಣೆಯಿಲ್ಲ. ಎಷ್ಟು ಹೊತ್ತಿಗೆ ಎಷ್ಟು ತಿಂದಿತು, ಮಲ ಹೇಗಿತ್ತು, ಎಲ್ಲ ಬರೆದಿಟ್ಟೆ. ಹಿಂಗಾಲಿನ ಮೇಲೆ ಒಣಗಿ ಗಂಟುಕಟ್ಟಿದ ಕೊಳೆಯನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ ನೆನೆಸಿ ತೆಗೆದೆ. ನೋವಿರುವ ನಾಯಿಗೆ ಸ್ನಾನ ಬೇಡ. ಮೂರನೇ ದಿನ ಮಲ ಗಟ್ಟಿಯಾಯಿತು, ಬಣ್ಣ ಬಂತು. ನಾಲ್ಕನೇ ದಿನ ಕೆಂಪಿ ನನ್ನ ತಾಯಿಯ ಚಪ್ಪಲಿ ಕಚ್ಚಿತು. ನಾನು ಚಪ್ಪಲಿ ಹಿಡಿದು ಅತ್ತೆ. ಐದನೇ ದಿನ ಕೂದಲಿಗೆ ಹೊಳಪು ತರುವಂತೆ ಬಾಚಿ, ಉಗುರಿನ ತುದಿ ಅರೆದು, ಮದುಮಗಳಂತೆ ಮಾಡಿ ತೋಟಕ್ಕೆ ಬಿಟ್ಟುಬಂದೆ. ನಾಯಿಯನ್ನು ಕಟ್ಟಿ ಹಾಕಿ, ಬೇಲಿಯಾಚೆ ಬಿಡಬೇಡಿ ಎಂದು ಎರಡು ಸಲ ಹೇಳಿದೆ.

ಬಿಟ್ಟುಬಂದ ಮೂರನೇ ದಿನ ಮತ್ತೆ ಫೋನ್. ಮತ್ತೆ ವಾಂತಿ.

"ಕಟ್ಟಿ ಹಾಕಿದ್ರೂ ಒಳಗ್ ಬಂದು ಹಾಕ್ತಾವ್ನೆ ಅಂದ್ರೆ ನೋಡು," ಎಂದರು ಯಜಮಾನರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ತಣ್ಣಗಿತ್ತು. ನಾಳಿದ್ದು ಪೊಲೀಸ್ ಠಾಣೆಗೆ ಹೋಗುವುದಾಗಿಯೂ, ಇವತ್ತೇ ಬಾವಿಯ ದಾರಿಗೆ ಮುಳ್ಳು ಹಾಕಿಸುವುದಾಗಿಯೂ ಹೇಳಿದರು. ಬೇಲಿಯಲ್ಲಿ ನಿಂತು ಪಂಗಾಳಿಯ ಮುಖಕ್ಕೇ ಕೊಲೆಗಾರ ಎಂದಾಗಿತ್ತಂತೆ. ಕಾಯಿ ಬಲಿಯುವ ಹೊತ್ತಿನಲ್ಲಿ ಬಾವಿಯ ದಾರಿ ಮುಚ್ಚಿದರೆ ಆ ತೋಟದ ಗತಿ ಏನು? ನಾನು ತೋರಿಸಿದ ಒಂದು ನೀಲಿ ಪಾದಕ್ಕೆ ಇಷ್ಟು ಬೆಲೆ.

ಆಗ ನನಗೆ ಮೊದಲ ಸಲ ನನ್ನ ಲೆಕ್ಕಾಚಾರದ ಮೇಲೆ ಅನುಮಾನ ಬಂತು. ಕಟ್ಟಿದ ನಾಯಿ, ಸುತ್ತ ಮನೆಯವರು, ಹಗಲೆಲ್ಲ ಕೆಲಸದವರು. ಹೊರಗಿನವನು ಹೇಗೆ ಬಂದು ತಿನ್ನಿಸುತ್ತಾನೆ? ಇನ್ನು ಯಾರನ್ನೂ ಏನೂ ಕೇಳಬಾರದು, ನೋಡಬೇಕು ಎಂದು ತೀರ್ಮಾನಿಸಿದೆ. ಒಂದು ದಿನ ಕೊಡಿ, ಮುಳ್ಳು ನಾಳೆ ಹಾಕಿಸಿ ಎಂದು ಯಜಮಾನರನ್ನು ಬೇಡಿಕೊಂಡೆ. "ಒಂದೇ ದಿನ," ಎಂದರು.

ಮರುದಿನ ಬೆಳಕು ಹರಿಯುವ ಮೊದಲೇ ಹೋಗಿ ಕೆಂಪಿಯನ್ನು ಕಟ್ಟಿದ್ದ ಕಡೆ, ಹಿತ್ತಲ ಕಲ್ಲಿನ ಮೇಲೆ ಕೂತೆ. ಎಲ್ಲರ ಮೇಲೂ ಕಣ್ಣು. ಹಾಲಿನವನು ಬಂದ, ಅವನ ಚೀಲ ನೋಡಿದೆ. ಔಷಧಿ ಹೊಡೆಯುವವನು ಕೆಂಪಿಯ ತಲೆ ಸವರಿದ, ಅವನ ಕೈ ನೋಡಿದೆ. ಯಜಮಾನರ ಹೆಂಡತಿ ಮೊಸರನ್ನ ತಂದರು. ಬೆರಳು ಹಾಕಿ ಕಲಸಿ, ಮೂಸಿ, ಅವರು ಮುಖ ಸಿಂಡರಿಸುವಷ್ಟು ಹುಡುಕಿದೆ. ಕೆಂಪಿ ಅದನ್ನು ಮುಟ್ಟಲೂ ಇಲ್ಲ. ಹಿತ್ತಲ ಕೊಟ್ಟಿಗೆಯ ಕಡೆಗೇ ನೋಡುತ್ತಾ ಬಾಲ ಆಡಿಸುತ್ತಿತ್ತು.

ಕೊಟ್ಟಿಗೆಯಿಂದ ಯಜಮಾನರ ಅವ್ವ ಬಂದರು. ಕೈಯಲ್ಲಿ ಒಂದು ಮಣ್ಣಿನ ಮಡಕೆ. ಹಿತ್ತಲ ಒಲೆಯ ಮೇಲೆ ಅದನ್ನಿಟ್ಟು ಕಾಯಿಸಿ, ಆರಿಸಿ, ಕೆನೆಯನ್ನೂ ಬೆರಳಿನಿಂದ ಬಳಿದು, ಕೆಂಪಿಯ ಬೋಗುಣಿಗೆ ಸುರಿದರು. ನನ್ನ ಕಣ್ಣೆದುರಿಗೇ, ನನ್ನನ್ನು ನೋಡಿ ನಕ್ಕು. ಲೀಟರಿಗೆ ಕಡಿಮೆಯಿರಲಿಲ್ಲ. ಕೆಂಪಿ ತಲೆಯೆತ್ತದೆ ನೆಕ್ಕಿತು.

"ಅವ್ವ! ಏನದು?"

"ಹಾಲು."

"ಯಾವತ್ತಿಂದ ಹಾಕ್ತಾ ಇದೀರಿ?"

"ಕರು ಹೋದ ದಿನದಿಂದ. ಬೆಳಿಗ್ಗೊಂದ್ ಸಲ, ಸಾಯಂತ್ರ ಒಂದ್ ಸಲ. ಹಸಿ ಹಾಲು ಹೊಟ್ಟೆ ಕೆಡಸ್ತದೆ ಅಂತ ಕಾಸಿ ಹಾಕ್ತೀನಿ."

"ಏನ್ ಹಾಕ್ತೀರಿ ಅಂತ ನಾನ್ ಅವತ್ತು ಕೇಳ್ಲಿಲ್ವಾ?"

ಅವ್ವ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. "ನೀ ಕೇಳ್ದದ್ದು ನಾವ್ ಏನ್ ಹಾಕ್ತೀವಿ ಅಂತ. ಇದು ನಮ್ದಾ? ಸಾಮಿ ಹಸುದು. ಸಾಮಿ ಹಾಕ್ತಾ ಅದೆ, ಅದು ಕುಡೀತಾ ಅದೆ."

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ನಮ್ಮ ಜನರಲ್ಲಿ ಕೆಲವು ಮನೆಗಳು ಒಂದು ಹಸುವನ್ನು ದೇವರ ಹೆಸರಿಗೆ ಬಿಡುತ್ತವೆ. ಅದರ ಹಾಲನ್ನು ಮನುಷ್ಯರು ಕುಡಿಯುವುದಿಲ್ಲ, ಮಾರುವುದಿಲ್ಲ. ಎಲ್ಲ ಕರುವಿಗೆ. ಈ ಹಸುವಿನ ಕರು ಹುಟ್ಟಿದ ಕೆಲವೇ ದಿನಕ್ಕೆ ಸತ್ತಿತ್ತು. ಕೆಚ್ಚಲು ಗಟ್ಟಿಯಾಗಬಾರದೆಂದು ಅವ್ವ ಹಾಲು ಹಿಂಡಲೇಬೇಕಿತ್ತು. ಹಿಂಡಿದ್ದನ್ನು ಜನ ತುಳಿಯುವ ನೆಲಕ್ಕೆ ಚೆಲ್ಲುವಂತಿಲ್ಲ. ಉಳಿದ ಬಾಯಿಲ್ಲದ ಜೀವ ಕೆಂಪಿಯೊಂದೇ. ಬೆಟ್ಟದ ತಳಿಯ ಹಸು, ಗಟ್ಟಿ ಹಾಲು, ಮೇಲೆ ಕೆನೆ. ಕೊಂಬೈ ನಾಯಿಯ ಹೊಟ್ಟೆ ಎಷ್ಟು ದಿನ ತಡೆದೀತು? ನಾಯಿಯ ಬಾಯಿಗೆ ಇವತ್ತು ಏನೆಲ್ಲ ಬಿತ್ತು ಎಂದು ಕೇಳುವ ಬದಲು ನೀವೇನು ಹಾಕುತ್ತೀರಿ ಎಂದು ಕೇಳಿದ್ದೆ. ನಮ್ಮ ಅಜ್ಜಿಯ ಮನೆಯಲ್ಲೂ ಅಂಥ ಹಸು ಇತ್ತು. ಬೇರೆ ಯಾರಿಗಾದರೂ ಇದು ಹೊಳೆಯದಿದ್ದರೆ ಸರಿ, ನನಗೆ ಹೊಳೆಯಬೇಕಿತ್ತು. ಬೇಲಿಯಾಚೆಯೇ ನೋಡುತ್ತಿದ್ದವಳಿಗೆ ಕೊಟ್ಟಿಗೆ ಕಾಣುವುದೆಲ್ಲಿ?

ಯಜಮಾನರನ್ನು ಕರೆದು ಹೇಳಿದೆ. ಬೋಗುಣಿ ಎತ್ತಿ ಮೂಸಿ ನೋಡಿದರು. "ಅದು... ಸಾಮಿ ಹಾಲಲ್ವಾ," ಎಂದರು. ಅವರಿಗೂ ಗೊತ್ತಿತ್ತು. ದಿನಾ ಕಣ್ಣಿಗೆ ಬೀಳುತ್ತಿತ್ತು. ಆಹಾರವೆಂದು ಅವರೂ ಎಣಿಸಿರಲಿಲ್ಲ.

ಅವ್ವನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ನಿಮ್ಮ ಹಾಲಿನಿಂದಲೇ ನಾಯಿಗೆ ಹೀಗಾಗಿದೆ ಎಂದರೆ ಸಾಮಿಯನ್ನೇ ಬೈದಂತೆ. ನನ್ನ ನೋಟ್‌ಬುಕ್ ತೆಗೆದು ಐದು ದಿನದ ಲೆಕ್ಕ ಓದಿ ಹೇಳಿದೆ: ಅಲ್ಲಿ ಹಾಲಿಲ್ಲ, ಕೆಂಪಿ ಎದ್ದಿತು, ಇಲ್ಲಿ ಹಾಲು ಬಂತು, ಕೆಂಪಿ ಬಿತ್ತು. ಔಷಧಿ ಕೊಟ್ಟು ಹಾಲು ಬತ್ತಿಸಬಹುದು ಎಂದದ್ದಕ್ಕೆ ಅವ್ವ ಕಿವಿಯೇ ಕೊಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನಾ ಮಾಡ್ದೆ ಇದಕ್ಕೆ?" ಎಂದು ಕೆಂಪಿಯ ಕಿವಿ ಹಿಡಿದುಕೊಂಡು ಕೂತರು. ಆಮೇಲೆ ಅವರೇ ಹೇಳಿದರು:

"ಬೇಲಿ ಆ ಕಡೆ ಅವ್ನ ಹಸು ಕರು ಹಾಕಿ ಸತ್ತೋಗದೆ. ಕರು ಪಾಕೆಟ್ ಹಾಲು ಕುಡೀತಾ ಅದೆ, ಪಾವಂ. ಬಾಯಿಲ್ದ ಜೀವ ತಾನೆ ಅದೂನೂವೆ. ಅಲ್ಗೆ ಕೊಡು."

ಮಗ ತಲೆ ತಗ್ಗಿಸಿದರು. ಮೊನ್ನೆ ಕೊಲೆಗಾರ ಎಂದು ಕೂಗಿದ ಬೇಲಿಗೆ ಇವತ್ತು ಹಾಲಿನ ಮಡಕೆ ಹಿಡಿದು ಹೋಗಬೇಕು. ಸಂಜೆ ಹಾಲು ಕರೆದ ಮೇಲೆ ಹೋದರು. ನಾನೂ ಹಿಂದೆ ಹೋದೆ.

ಪಂಗಾಳಿ ಗಿಡ್ಡ ಆಳು, ತಲೆಗೆ ಟವೆಲ್ ಸುತ್ತಿದ್ದರು. ಯಜಮಾನರು ತೊದಲುತ್ತಾ ಎಲ್ಲ ಹೇಳುವ ತನಕ ಕೇಳಿದರು. ಮಡಕೆಗೆ ಮಾತ್ರ ಕೈ ಚಾಚಲಿಲ್ಲ.

"ಇದ್ರಾಗೆ ಏನ್ ಕಲ್ಸಿದೀಯ?"

"ಏನೂ ಇಲ್ಲ. ಹಾಲೇ."

"ಹಂಗಾದ್ರೆ ಮೊದ್ಲು ನಿನ್ ನಾಯ್ಗೆ ಕುಡ್ಸಿ ತೋರ್ಸು."

ನಾಯಿಗೆ ಕುಡಿಸುವಂತಿಲ್ಲ, ಅದಕ್ಕೇ ತಂದದ್ದು. ತಾವು ಕುಡಿದು ತೋರಿಸುವಂತಿಲ್ಲ, ಸಾಮಿಯ ಹಾಲು. ಒಂದೇ ತಾತನ ಮೊಮ್ಮಕ್ಕಳು, ಇಬ್ಬರಿಗೂ ಅದು ಗೊತ್ತು. ಪಂಗಾಳಿ ನನ್ನ ಕಡೆ ತಿರುಗಿದರು.

"ನೀ ನಾಯ್ಗಳ ವಿಷ್ಯ ತಿಳ್ದವ್ಳು. ನೀ ಹೇಳು ತಂಗಚ್ಚಿ. ಕೊಡ್ಲಾ ನನ್ ಕರೂಗೆ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವರು ನನ್ನನ್ನು ನಂಬಿ ಕೇಳಿದ್ದು ತಡೆಯಲಾಗಲಿಲ್ಲ. "ಅಣ್ಣ, ಹಾಲು ಒಳ್ಳೇದೇ. ಆದ್ರೆ ನಿಮ್ ಮೇಲೆ ಸಂದೇಹ ಹುಟ್ಸಿದ್ದು ನಾನು. ನಾಯಿ ಕಾಲಲ್ಲಿ ನಿಮ್ ತೋಟದ ಮೈಲುತುತ್ತ ಇತ್ತು ಅಂತ ತೋರ್ಸಿದ್ದು ನಾನು. ನನ್ ತಲೆ ಉಳಿಸ್ಕೊಳ್ಳಕ್ಕೆ," ಎಂದೆ.

ಅವರು ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡರು.

"ಹಂಗಾ," ಎಂದರು. "ಸರಿ. ಮೂರ್ ದಿನ ನೀ ಬಂದು ನಿನ್ ಕೈಯಾರೆ ಕುಡ್ಸು. ಕರು ಚೆನ್ನಾಗಿದ್ರೆ ನಾಕ್ನೇ ದಿನ ಇವ್ನ ಕೈಯಿಂದ ತಕ್ಕತೀನಿ."

ಮೂರು ದಿನ ಬೆಳಿಗ್ಗೆ, ಸಂಜೆ, ಉತ್ತಮಪಾಳಯಂನಿಂದ ಸ್ಕೂಟರಿನಲ್ಲಿ ಹೋದೆ. ಮೊದಲ ದಿನ ಪಾಕೆಟ್ ಹಾಲಿನ ಜೊತೆ ಅರ್ಧ, ಎರಡನೇ ದಿನ ಮುಕ್ಕಾಲು, ಮೂರನೇ ದಿನ ಪೂರ್ತಿ. ಆಹಾರ ಒಮ್ಮೆಲೇ ಬದಲಿಸಿದರೆ ಕರುವಿನ ಹೊಟ್ಟೆಯೂ ಕೆಡುತ್ತದೆ. ಪಂಗಾಳಿ ಪ್ರತಿ ಸಲವೂ ಪಕ್ಕದಲ್ಲಿ ಕೈಕಟ್ಟಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಹಾಲಿನವನ ಕೈ ನೋಡಿದ್ದೂ ಹೀಗೆಯೇ. ನೋಡಿಸಿಕೊಳ್ಳುವವರಿಗೆ ಎಷ್ಟು ಉರಿಯುತ್ತದೆಂದು ಆ ಮೂರು ದಿನದಲ್ಲಿ ಕಲಿತೆ.

ನಾಲ್ಕನೇ ದಿನ ನಾನು ಹೋಗಲಿಲ್ಲ. ಅಂಗಡಿ ತೆರೆದು ಖಾಲಿ ಮೇಜಿನ ಮುಂದೆ ಕೂತಿದ್ದೆ. ಬಾಚಣಿಗೆಗಳನ್ನು ಒಂದು ಸಲ ತೊಳೆದಾಗಿತ್ತು, ಎರಡನೇ ಸಲ ತೊಳೆದೆ. ಒಂಬತ್ತರ ಸುಮಾರಿಗೆ ಯಜಮಾನರ ಫೋನ್ ಬಂತು.

"ತಕ್ಕಂಡ," ಎಂದರು. ಅದರ ಬೆನ್ನಿಗೇ: "ಕೆಂಪಿ ಮೈಯೆಲ್ಲ ಉಣ್ಣಿ ಮತ್ತೆ. ಯಾವಾಗ ಬತ್ತೀಯ ಔಷ್ದಿ ಹಾಕಕ್ಕೆ?"